ಗಾಂಧಾರದಲ್ಲಿ ಅಲುಗದೆ ನಿಲ್ಲಲು ಕಲಿತ ಬಗೆ

ಅಮೆರಿಕದ ಪೂರ್ವ ಟೆನೆಸಿಯ ಓಕ್ ರಿಜ್‌ಗೆ ಕೆಲಸದ ಮೇಲೆ ಬಂದಾಗ ನನಗೆ ತಿಳಿದಿದ್ದ ಸಂಗೀತವೆಂದರೆ ಮೈಸೂರಿನಲ್ಲಿ ಒಂಬತ್ತು ವರ್ಷ ಕಲಿತ ಕರ್ನಾಟಕ ಸಂಗೀತ ಮಾತ್ರ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ಪಾತಾಳದಿಂದ ಬಂದಂತಹ ದನಿಯಲ್ಲಿ ಏನನ್ನೋ ಗುನುಗುತ್ತಿದ್ದರು. ಏನದು ಎಂದು ಕೇಳಿದೆ. ‘ಎಲ್ವೈರಾ’ ಎಂದರು. ಹಾಡಿದವರ ಹೆಸರು ಓಕ್ ರಿಜ್ ಬಾಯ್ಸ್. ನಾನು ದಿನವೂ ಕೆಲಸಕ್ಕೆ ಹೋಗುವ ಊರಿನ ಹೆಸರು ಒಂದು ಗಾಯನ ತಂಡಕ್ಕೆ ಅಂಟಿಕೊಂಡದ್ದು ಹೇಗೆ ಎಂಬ ಕುತೂಹಲದಿಂದ ನನ್ನ ಕಲಿಕೆ ಶುರುವಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿಗೆ ಬೇಕಾದ ಯುರೇನಿಯಂ ಸಂಸ್ಕರಿಸಲು ಬೇಲಿ ಹಾಕಿ ಗುಟ್ಟಾಗಿ ಕಟ್ಟಿದ ಊರು ಇದು. 1945ರ ಹೊತ್ತಿಗೆ ಇಲ್ಲಿ ಸುಮಾರು 75,000 ಜನರಿದ್ದರು. ಅವರ ಮನರಂಜನೆಗೆಂದು ವಾಲಿ ಫೌಲರ್ ಎಂಬ ಗಾಯಕ ತನ್ನ ತಂಡದೊಡನೆ ಬಂದು ಭಕ್ತಿಗೀತೆಗಳನ್ನು ಹಾಡುತ್ತಿದ್ದರು. ಅದೇ ಓಕ್ ರಿಜ್ ಕ್ವಾರ್ಟೆಟ್ (ನಾಲ್ವರ ಗಾಯನ ತಂಡ) ಆಯಿತು, 1961ರಲ್ಲಿ ಓಕ್ ರಿಜ್ ಬಾಯ್ಸ್ ಆಯಿತು. ಇಂದು ಜನ ನೆನೆಯುವ ನಾಲ್ವರು ಒಟ್ಟಾಗಿದ್ದು ನಿಧಾನವಾಗಿ: ಬ್ಯಾರಿಟೋನ್ (ನಡುದನಿ) ವಿಲಿಯಂ ಲೀ ಗೋಲ್ಡನ್ 1965ರಲ್ಲಿ, ಲೀಡ್ (ಮುಖ್ಯ ರಾಗ ನಡೆಸುವ ದನಿ) ಡ್ವೇನ್ ಅಲೆನ್ 1966ರಲ್ಲಿ, ಬೇಸ್ (ಎಲ್ಲಕ್ಕಿಂತ ಕೆಳಗಿನ ದನಿ) ರಿಚರ್ಡ್ ಸ್ಟರ್ಬನ್ 1972ರಲ್ಲಿ, ಟೆನರ್ (ಮೇಲಿನ ದನಿ) ಜೋ ಬಾನ್ಸಲ್ 1973ರಲ್ಲಿ.

ನನ್ನ ಸಹೋದ್ಯೋಗಿ ಮತ್ತು ಅವರ ಇಬ್ಬರು ಗೆಳೆಯರು ಪ್ರತಿ ಗುರುವಾರ ಗ್ಯಾರೇಜಿನಲ್ಲಿ ಈ ಹಾಡುಗಳನ್ನು ಹಾಡುತ್ತಿದ್ದರು. ಅವರ ಬ್ಯಾರಿಟೋನ್ ಬೇರೆ ಊರಿಗೆ ಹೋಗಿದ್ದರಿಂದ ಆ ಜಾಗಕ್ಕೆ ನನ್ನನ್ನು ಕರೆದರು. ಶ್ರುತಿ ನಿಲ್ಲುತ್ತದೆ, ತಾಳ ತಪ್ಪುವುದಿಲ್ಲ, ಕಷ್ಟವೇನು ಎಂದುಕೊಂಡು ಹೋದೆ. ಮೊದಲ ಸಂಜೆ ಮೂರು ಸಾಲು ಹಾಡುವಷ್ಟರಲ್ಲಿ ನಾನು ಲೀಡ್ ಹಾಡುವವರ ಸ್ವರಕ್ಕೇ ಹೋಗಿ ಸೇರಿದ್ದೆ. ಗುರುಗಳ ಹಿಂದೆ ಹಾಡಿ ಬೆಳೆದ ಕಿವಿ ನನ್ನದು. ಯಾರು ರಾಗ ನಡೆಸುತ್ತಾರೋ ಅವರನ್ನು ಹಿಂಬಾಲಿಸುವುದೇ ಅದಕ್ಕೆ ಗೊತ್ತಿದ್ದ ವಿನಯ. ಇಲ್ಲಿ ಬೇಕಾಗಿದ್ದದ್ದು ಅದಲ್ಲ.

ದಾರಿ ತೋರಿಸಿದ್ದು ಸಹೋದ್ಯೋಗಿಯ ಬಾಲ್ಯದ ಪಾಠ. ಇಲ್ಲಿನ ಹಳ್ಳಿಗಳ ಹಾಡುಶಾಲೆಗಳಲ್ಲಿ ಸ್ವರಗಳನ್ನು ತ್ರಿಕೋನ, ಚೌಕ, ವಜ್ರ ಹೀಗೆ ಆಕಾರಗಳಲ್ಲಿ ಬರೆಯುತ್ತಾರೆ. ಆಧಾರ ಸ್ವರ ಎಲ್ಲಿಗೆ ಸರಿದರೂ ಅದು ‘ಡೋ’, ನಮ್ಮ ಷಡ್ಜದ (‘ಸ’) ಹಾಗೆಯೇ. ಅದನ್ನು ಕಂಡ ರಾತ್ರಿ ನನ್ನ ಪಾಲನ್ನೆಲ್ಲ ಶಂಕರಾಭರಣ ರಾಗದ ಸ್ವರಗಳಲ್ಲಿ ಬರೆದುಕೊಂಡೆ. ಲೀಡ್ ಪಂಚಮದಲ್ಲಿ (‘ಪ’), ಟೆನರ್ ಮೇಲಿನ ಷಡ್ಜದಲ್ಲಿ, ಬೇಸ್ ಕೆಳಗಿನ ಷಡ್ಜದಲ್ಲಿ ಇರುವಾಗ ಉಳಿದ ಗಾಂಧಾರ (‘ಗ’) ನನ್ನದು. ಒಂದು ಇಡೀ ಸಾಲಿನಲ್ಲಿ ನನಗೆ ಸಿಕ್ಕಿದ್ದು ‘ಗ ಗ ಗ ಮ ಮ ಗ ರಿ ರಿ ಗ’. ಒಂಟಿಯಾಗಿ ಹಾಡಿದರೆ ಅದು ಹಾಡೇ ಅಲ್ಲ. ಉಳಿದ ಮೂವರು ಬಿಟ್ಟ ಸ್ವರಗಳನ್ನು ಹಿಡಿಯುವ ಕೆಲಸವದು.

ಮೊಬೈಲಿನಲ್ಲಿ ಲೀಡ್ ಭಾಗವನ್ನು ಧ್ವನಿಮುದ್ರಿಸಿಕೊಂಡು ಒಂದು ಕಿವಿಗೆ ಅದನ್ನು, ಇನ್ನೊಂದಕ್ಕೆ ತಂಬೂರಿಯನ್ನು ಕೊಟ್ಟು ಅಭ್ಯಾಸ ಮಾಡಿದೆ. ಮೊದಲು ಲೀಡ್‌ನ ದನಿ ತೀರಾ ಸಣ್ಣದಾಗಿ, ವಾರ ಕಳೆದಂತೆ ದೊಡ್ಡದಾಗಿ. ಅದಕ್ಕಿಂತ ಕಷ್ಟವಾಗಿದ್ದು ಗಮಕವನ್ನು, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದನ್ನು, ಬಿಡುವುದು. ನನ್ನ ಮಧ್ಯಮ (‘ಮ’) ತಾನಾಗಿ ಅಲುಗುತ್ತಿತ್ತು, ಸ್ವಲ್ಪ ಅಲುಗಿದರೂ ನಾಲ್ವರ ಸ್ವರಮೇಳ ಕಲಕಿದ ನೀರಿನಂತಾಗುತ್ತಿತ್ತು. ಆದರೆ ಮೈಸೂರಿನ ಪಾಠವೇ ಒಂದು ಕಡೆ ನನ್ನನ್ನು ಕಾಪಾಡಿತು. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ ಯಾರೂ ಹಾಡದೆಯೇ ಕೇಳಿಬರುವ ಅಂತರ ಗಾಂಧಾರವನ್ನು (ಶಂಕರಾಭರಣದ ‘ಗ’) ಗುರುಗಳು ಕಣ್ಣು ಮುಚ್ಚಿಸಿ ಕೇಳಿಸುತ್ತಿದ್ದರು. ಅದು ಪಿಯಾನೋದ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಕೆಳಗಿದೆ. ವಾದ್ಯವಿಲ್ಲದೆ ಹಾಡಿದ ಒಂದು ಸಂಜೆ ನಾನು ಆ ತಂಬೂರಿಯ ಗಾಂಧಾರಕ್ಕೆ ಇಳಿದೆ. ನಾಲ್ಕು ದನಿಗಳು ಬೀಗ ಬಿದ್ದಂತೆ ಕೂಡಿಕೊಂಡವು. ಗ್ಯಾರೇಜಿನ ತಗಡಿನ ಬಾಗಿಲು ಝೇಂಕರಿಸಿತು. ಬೇಸ್ ಹಾಡುತ್ತಿದ್ದವರು ಕೈ ಎತ್ತಿ, ನಿಲ್ಲಿಸಬೇಡಿ ಎಂದು ಸನ್ನೆ ಮಾಡಿದರು. ಆ ಕ್ಷಣವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. (ಗಿಟಾರ್ ಸೇರಿದಾಗ ಅದರ ಗಾಂಧಾರಕ್ಕೆ ತುಸು ಏರಲೇಬೇಕು. ಅದನ್ನು ಕಿವಿಯೇ ಕಲಿತುಕೊಳ್ಳುತ್ತದೆ.)

ಇದಾದ ಮೇಲೆ ಓಕ್ ರಿಜ್ ಬಾಯ್ಸ್ ತಂಡದ ಬದುಕು ನನಗೆ ಬೇರೆಯದೇ ರೀತಿಯಲ್ಲಿ ಅರ್ಥವಾಗತೊಡಗಿತು. 1970ರ ದಶಕದ ನಡುವಿನಲ್ಲಿ ಅವರ ಉದ್ದ ಕೂದಲು, ಹೊಸ ವಾದ್ಯಗಳು ಭಕ್ತಿಸಂಗೀತದ ಶ್ರೋತೃಗಳಿಗೆ ಹಿಡಿಸಲಿಲ್ಲ, ಅಮೆರಿಕದ ಗ್ರಾಮೀಣ ಮೂಲದ ‘ಕಂಟ್ರಿ’ ಸಂಗೀತದ ರೇಡಿಯೋ ಇನ್ನೂ ಬರಮಾಡಿಕೊಂಡಿರಲಿಲ್ಲ. ಚದುರಿಹೋಗಬಹುದಾಗಿದ್ದ ಆ ದಿನಗಳಲ್ಲಿ ಬಿಡಬೇಡಿ ಎಂದು ಧೈರ್ಯ ತುಂಬಿದವರು ಕಂಟ್ರಿ ಗಾಯಕ ಜಾನಿ ಕ್ಯಾಶ್. 1977ರಲ್ಲಿ ಕಂಟ್ರಿ ಯಶಸ್ಸು ಬಂತು. 1981ರಲ್ಲಿ, ಡಲ್ಲಾಸ್ ಫ್ರೇಜರ್ 1960ರ ದಶಕದಲ್ಲೇ ಬರೆದಿದ್ದ ‘ಎಲ್ವೈರಾ’ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೂ ಪಾಪ್ ಪಟ್ಟಿಯ 5ನೆಯ ಸ್ಥಾನಕ್ಕೂ ಏರಿತು. ಅದರಲ್ಲಿ ಮುಂದೆ ನಿಂತು ಹಾಡಿದವರು ಟೆನರ್ ಬಾನ್ಸಲ್, ಜನರ ನಾಲಿಗೆಯಲ್ಲಿ ಉಳಿದದ್ದು ಸ್ಟರ್ಬನ್ ಅವರ ಬೇಸ್. ಬ್ಯಾರಿಟೋನ್ ಬಗ್ಗೆ ಯಾರೂ ಮಾತನಾಡುವುದಿಲ್ಲ. ನಾನು ಅದನ್ನೇ ಹುಡುಕಿ ಹುಡುಕಿ ಕೇಳುತ್ತೇನೆ.

1987ರಲ್ಲಿ ಗೋಲ್ಡನ್ ಅವರನ್ನು ತಂಡದಿಂದ ಹೊರಗಿಟ್ಟರು. ತಂಡದ ವಾದ್ಯಗಾರರಲ್ಲಿ ಒಬ್ಬರಾಗಿದ್ದ ಸ್ಟೀವ್ ಸ್ಯಾಂಡರ್ಸ್ ಆ ಜಾಗಕ್ಕೆ ಬಂದರು, ಆಮೇಲೂ ಹಾಡುಗಳು ಮೊದಲ ಸ್ಥಾನಕ್ಕೆ ಹೋದವು. ಸ್ಯಾಂಡರ್ಸ್ ಒಳ್ಳೆಯ ಗಾಯಕ. ಆದರೂ ಎರಡು ಕಾಲದ ಧ್ವನಿಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿದರೆ ನಡುವಿನ ಬಣ್ಣವೇ ಬೇರೆ ಎಂದು ನನಗೆ ಸ್ಪಷ್ಟವಾಗಿ ಅನ್ನಿಸುತ್ತದೆ. 1995ರ ಕೊನೆಯಲ್ಲಿ ಗೋಲ್ಡನ್ ಮರಳಿದರು. 2015ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಸೇರುವಾಗ ನಾಲ್ವರೂ ಒಟ್ಟಿಗಿದ್ದರು.

ನಮ್ಮ ಮೊದಲ ಕಾರ್ಯಕ್ರಮ ಒಂದು ವೃದ್ಧಾಶ್ರಮದ ಊಟದ ಕೋಣೆಯಲ್ಲಿ, ನಲವತ್ತು ಕುರ್ಚಿಗಳ ಮುಂದೆ ನಡೆಯಿತು. ಎರಡನೆಯ ಹಾಡಿನಲ್ಲಿ ಕೆಮ್ಮು ಬಂದು ಒಂದು ಸಾಲು ಬಿಟ್ಟೆ. ಸಾಹಿತ್ಯ ನಡೆದೇ ಇತ್ತು, ರಾಗ ನಡೆದೇ ಇತ್ತು. ಆದರೆ ಮುಂದಿನ ಸಾಲಿನ ಅಜ್ಜಿಯೊಬ್ಬರು ತಟ್ಟನೆ ತಲೆ ಎತ್ತಿ ನಮ್ಮ ನಾಲ್ವರ ಮುಖಗಳನ್ನು ಒಂದೊಂದಾಗಿ ನೋಡಿದರು. ನಾನು ಮತ್ತೆ ಗಾಂಧಾರ ಹಿಡಿದಾಗ ತಲೆದೂಗಿ ಚಪ್ಪಾಳೆಗೆ ಮರಳಿದರು.

2024ರ ಜುಲೈಯಲ್ಲಿ ಬಾನ್ಸಲ್ ತೀರಿಕೊಂಡ ವಾರ ಗ್ಯಾರೇಜಿನಲ್ಲಿ ನಾವು ‘ಎಲ್ವೈರಾ’ವನ್ನು ಗಿಟಾರ್ ಇಲ್ಲದೆ, ನಿಧಾನವಾಗಿ ಹಾಡಿದೆವು. ಈಗ ಹಳೆಯ ಭಕ್ತಿಗೀತೆಯೊಂದನ್ನು ಎತ್ತಿಕೊಂಡಿದ್ದೇವೆ. ಅದರಲ್ಲಿ ಮಧ್ಯಮದಿಂದ ನೇರವಾಗಿ ಕೆಳಗಿನ ನಿಷಾದಕ್ಕೆ (‘ನಿ’) ಹಾರುವ ಒಂದು ಜಾಗ ನನಗೆ ಇನ್ನೂ ಕೂಡಿಬಂದಿಲ್ಲ. ಈ ಗುರುವಾರ ಅರ್ಧ ಗಂಟೆ ಮುಂಚೆ ಬರಲು ಬೇಸ್ ಹಾಡುವವರು ಹೇಳಿದ್ದಾರೆ.