ಶಾಲೆಯ ಕೋಣೆಯಲ್ಲಿ ಚಿತ್ರ ಪ್ರದರ್ಶನ ಇಡುವುದು ಹೇಗೆ?

ಮಲೆನಾಡಿನ ಶಾಲೆಯಲ್ಲಿ ಚಿತ್ರ ಪ್ರದರ್ಶನ ಇಡುವವರು ಸಂಕ್ರಾಂತಿ ಕಳೆಯುವವರೆಗೆ ತಡೆಯಿರಿ. ಮಳೆಗಾಲದಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತಿರುತ್ತದೆ. ತೂಗುಹಾಕಿದ ಡ್ರಾಯಿಂಗ್ ಹಾಳೆ ಮೆತ್ತಗಾಗಿ ಬಾಗುತ್ತದೆ, ಸ್ವಲ್ಪ ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆ ಹೋದ ಮೇಲೆ ಮಾಡೋಣ ಎಂದರೆ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ತೋಟ ಇದ್ದವರಿಗೂ ಪುರುಸೊತ್ತಿಲ್ಲ, ಸುಲಿಯಲು ಹೋಗುವವರಿಗೂ ಪುರುಸೊತ್ತಿಲ್ಲ. ಅಪ್ಪ ಅಮ್ಮ ಬರಲಾಗದ ದಿನ ಪ್ರದರ್ಶನ ಇಟ್ಟು ಏನು ಪ್ರಯೋಜನ? ಜನವರಿ ಕೊನೆ, ಫೆಬ್ರವರಿ ಮೊದಲು ಸರಿಯಾದ ಕಾಲ. ಕಾಗದ ಗರಿಗರಿಯಾಗಿರುತ್ತದೆ, ಪರೀಕ್ಷೆಯ ಬಿಸಿ ಇನ್ನೂ ತಟ್ಟಿರುವುದಿಲ್ಲ.

ನಾನು ಸಾಗರ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ನಮ್ಮ ಗ್ಯಾಲರಿ ಎಂದರೆ ಹಳೇ ಬೆಂಚು ತುಂಬಿಡುತ್ತಿದ್ದ ಒಂದು ಕೋಣೆ, ಅಷ್ಟೆ. ಬೆಂಚು ಹೊರಗೆ ಹಾಕಿ, ಸುಣ್ಣ ಬಳಿಸಿ, ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು) ಕೇಳಿ ಎರಡು ಟ್ಯೂಬ್‌ಲೈಟ್ ಹಾಕಿಸಿಕೊಂಡರೆ ಯಾವ ಶಾಲೆಗಾದರೂ ಇಂಥದ್ದೊಂದು ಕೋಣೆ ಆಗುತ್ತದೆ.

ಚಿತ್ರ ಆರಿಸುವ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಪ್ರತಿ ಮಗುವಿನದೂ ಒಂದು ಚಿತ್ರ ಇರಬೇಕು, ಯಾವುದೆಂದು ಮಗುವೇ ಹೇಳಬೇಕು. ಟೀಚರ್ ಆರಿಸಿದರೆ ಪ್ರತಿ ವರ್ಷ ಅದೇ ನಾಲ್ಕೈದು ಅಚ್ಚುಕಟ್ಟಾದ ಕೈಗಳು ಗೋಡೆಗೆ ಬರುತ್ತವೆ. ಉಳಿದ ಮಕ್ಕಳು ಆರನೇ ಕ್ಲಾಸಿಗೇ ‘ಚಿತ್ರ ನನ್ನ ಪಾಲಿನದಲ್ಲ’ ಎಂದು ತೀರ್ಮಾನ ಮಾಡಿಬಿಡುತ್ತಾರೆ. ನನ್ನದು ಒಂದೇ ಷರತ್ತು: ತಾನು ಕಂಡದ್ದನ್ನು ಬಿಡಿಸಿರಬೇಕು, ಮೊಬೈಲಿನಲ್ಲಿ ಸಿಕ್ಕಿದ ಚಿತ್ರದ ನಕಲು ಆಗಬಾರದು. ಬಹುಮಾನ, ಮೊದಲನೇ ಸ್ಥಾನ, ಎರಡನೇ ಸ್ಥಾನ ಯಾವುದೂ ಬೇಡ. ಸ್ಪರ್ಧೆಗೆ ಪ್ರತಿಭಾ ಕಾರಂಜಿ ಇದೆಯಲ್ಲ.

ಏಳನೇ ಕ್ಲಾಸಿನ ಹುಡುಗನೊಬ್ಬ ಅಡಿಕೆ ಬೇಯಿಸುವ ಒಲೆ ಬಿಡಿಸಿದ್ದ. ಬಣ್ಣಕ್ಕೆ ಮನೆಯಿಂದ ಬಾಟಲಿಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ಬಣ್ಣದ ನೀರು ತಂದಿದ್ದ. ಒಂದು ಸಲ ಬಳಿದಲ್ಲಿ ತೆಳು ಕಂದು, ಅದರ ಮೇಲೆ ಮತ್ತೆ ಮತ್ತೆ ಬಳಿದಲ್ಲಿ ಕೆಂಪು ಬೆರೆತ ಗಾಢ ಕಂದು. ಹಂಡೆಯ ಬುಡದಲ್ಲಿ ಚೊಗರು ಮಡುಗಟ್ಟಿ ಒಣಗಿ, ಅಂಚಿಗೆ ತಾನಾಗಿಯೇ ಒಂದು ಕಪ್ಪು ಗೆರೆ ಬಿದ್ದಿತ್ತು. ಹೊಗೆಯ ಜಾಗದಲ್ಲಿ ಏನೂ ಬಳಿಯದೆ ಹಾಳೆಯ ಬಿಳಿಯನ್ನೇ ಬಿಟ್ಟಿದ್ದ. ಮೂಲೆಯಲ್ಲಿ ಬಾಟಲಿ ಇಟ್ಟ ದುಂಡು ಕಲೆ. ಅಚ್ಚುಕಟ್ಟು ನೋಡುವವರು ಆ ಹಾಳೆಯನ್ನು ಬದಿಗಿಡುತ್ತಿದ್ದರು. ಅವನ ಅಮ್ಮ ಅದರ ಮುಂದೆ ನಿಂತು, ‘ಅಕ್ಕೋರೆ, ಇದು ನಮ್ಮನೆ ಒಲೆನೇ. ಬಲಗಡೆ ಕಲ್ಲು ಒಡೆದಿದ್ದು ಸಮೇತ ಬರ್ದಿದಾನೆ’ ಎಂದರು. ನಮ್ಮ ತಾಲ್ಲೂಕಿನ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದಲ್ಲಿ ಕೈಮಗ್ಗದ ಬಟ್ಟೆಗೆ ಅಡಿಕೆಯ ಬಣ್ಣ ಹಾಕುತ್ತಾರೆ ಎಂದು ಅವನಿಗೆ ಹೇಳಿದೆ. ಆಮೇಲೆ ಕ್ಲಾಸಿನ ಅರ್ಧ ಮಕ್ಕಳು ಚೊಗರು ತರತೊಡಗಿದರು.

ಇನ್ನು ತೂಗುಹಾಕುವ ಕೆಲಸ. ಜಂಬಿಟ್ಟಿಗೆ ಗೋಡೆಗೆ ಮೊಳೆ ಹೊಡೆದರೆ ಗಾರೆ ಕಿತ್ತು ಬರುತ್ತದೆ, ಸುಣ್ಣದ ಮೇಲೆ ಸೆಲ್ಲೋಟೇಪ್ ನಿಲ್ಲುವುದಿಲ್ಲ. ಒಂದು ಕಿಟಕಿ ಸರಳಿನಿಂದ ಇನ್ನೊಂದಕ್ಕೆ ಗಟ್ಟಿ ಸುತಲಿ ಎಳೆದು ಕಟ್ಟಿ. ಹಾಳೆ ಬಾಗದಂತೆ ಮೇಲೊಂದು ಕೆಳಗೊಂದು ತೆಳು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಕೊಡಿ, ಶಾಲೆಯ ಹಳೇ ಭೂಪಟಕ್ಕೆ ಇರುತ್ತದಲ್ಲ, ಹಾಗೆ. ದಬ್ಬೆಯನ್ನು ದೊಡ್ಡವರೇ ಸೀಳಿ, ಕತ್ತಿಯಿಂದ ಚೆನ್ನಾಗಿ ಹೆರೆದು ಕೊಡಬೇಕು. ಅದರ ಸಿಬಿರು ಕೈಗೆ ಹೊಕ್ಕರೆ ಮಗು ದಿನವಿಡೀ ಅಳುತ್ತದೆ. ಹಾಳೆಯನ್ನು ದಬ್ಬೆಗೆ ಬಟ್ಟೆ ಕ್ಲಿಪ್ಪಿನಿಂದ ಹಿಡಿಸಿದರೆ ಸಾಕು, ಅಂಟು ಬೇಡ. ಹಿಂದೆ ಮೈದಾ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು. ಅಡಿಕೆ ತೋಟಕ್ಕೆ ಔಷಧಿ ಹೊಡೆಯಲು ತಂದ ಮೈಲುತುತ್ತ ಮನೆಮನೆಯಲ್ಲೂ ಇರುತ್ತದೆ ನಿಜ, ಆದರೆ ಅದು ವಿಷ. ಮಕ್ಕಳ ಕೈಗೆ ಕೊಡಲೇಬೇಡಿ.

ಎತ್ತರದ ಬಗ್ಗೆ ಸ್ವಲ್ಪ ಯೋಚಿಸಿ. ದೊಡ್ಡ ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 5 ಅಡಿಗೆ, ಅಂದರೆ ನಿಂತವರ ಕಣ್ಣಿಗೆ ಸಮನಾಗಿ ಬರುತ್ತದೆ. ನಮ್ಮ ನೋಡುಗರಲ್ಲಿ ಹೆಚ್ಚಿನವರು ಮಕ್ಕಳು, ಹಾಗಾಗಿ 4 ಅಡಿಗೆ ಇಳಿಸಿ. ದೊಡ್ಡವರು ಬಗ್ಗಿ ನೋಡಲಿ. ಎರಡು ಚಿತ್ರಗಳ ನಡುವೆ ಒಂದು ಗೇಣು ಬಿಡಿ. ಜಾಗ ಸಾಲದೆಂದು ಮೇಲೊಂದು ಸಾಲು ಕಟ್ಟಬೇಡಿ, ಅಲ್ಲಿಗೆ ಹೋದ ಚಿತ್ರವನ್ನು ಯಾರೂ ನೋಡುವುದಿಲ್ಲ. ಹೊರಗೆ ಜಗುಲಿಯ ಗೋಡೆ ಇದೆ, ಅಲ್ಲಿ ಮುಂದುವರಿಸಿ. ಆದರೆ ನೇರ ಬಿಸಿಲು ಬೀಳುವ ಕಡೆ ಸ್ಕೆಚ್ ಪೆನ್ನಿನ ಚಿತ್ರ ಬೇಡ, ಬಣ್ಣ ಬೇಗ ಮಾಸುತ್ತದೆ.

ಹಸೆ ಚಿತ್ತಾರಕ್ಕೆ ಒಂದು ಇಡೀ ಗೋಡೆ ಮೀಸಲಿಡಿ. ಸಾಗರ, ಸೊರಬ, ಹೊಸನಗರದ ಕಡೆ ದೀವರ ಸಮುದಾಯದ ಹೆಂಗಸರು ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುವ ಚಿತ್ತಾರ ಇದು. ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ನಿಮ್ಮ ಮಕ್ಕಳ ಮನೆಗಳಲ್ಲೇ ಬರೆಯಬಲ್ಲ ಅಜ್ಜಿಯರು ಇರುತ್ತಾರೆ. ಪ್ರದರ್ಶನಕ್ಕೆ ಒಂದು ವಾರ ಮೊದಲೇ ಅವರ ಮನೆಗೆ ಹೋಗಿ, ಮರ್ಯಾದೆಯಿಂದ ಕರೆದು ಬನ್ನಿ. ಮಕ್ಕಳು ಸುತ್ತ ಕೂತು ನೋಡಲಿ. ಸ್ಕೇಲು ಇಲ್ಲದೆ, ಪೆನ್ಸಿಲ್ ಗುರುತಿಲ್ಲದೆ ಒಂದೊಂದೇ ಎಳೆ ನೆಟ್ಟಗೆ ಇಳಿಯುವುದನ್ನು ನೋಡಿದ ಮಗುವಿಗೆ ನಾನು ಗೆರೆಯ ಬಗ್ಗೆ ಬೇರೆ ಪಾಠ ಮಾಡಬೇಕಾಗಿಲ್ಲ. ಅಜ್ಜಿಗೆ ಹೋಗಿ ಬರುವ ಖರ್ಚು, ಗೌರವಧನ ಎರಡನ್ನೂ ಕೊಡಿ. ಗೋಡೆಯ ಪಕ್ಕ ಅವರ ಹೆಸರು ಬರೆಯಿರಿ. ‘ಜನಪದ ಕಲೆ’ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳಬಾರದು.

ಚಿತ್ರದ ಕೆಳಗಿನ ಚೀಟಿಯಲ್ಲಿ ಹೆಸರು, ತರಗತಿ, ಯಾವ ಬಣ್ಣ ಬಳಸಿದ್ದು, ಜತೆಗೆ ಮಗು ತನ್ನ ಚಿತ್ರದ ಬಗ್ಗೆ ಹೇಳಿದ ಒಂದು ವಾಕ್ಯ ಇರಲಿ. ಆ ವಾಕ್ಯವನ್ನು ತಿದ್ದಬೇಡಿ. ‘ನಮ್ಮ ಎಮ್ಮೆ ಕರು ಹಾಕಿದ ದಿನ ತುಂಬಾ ಮಳೆ’ ಎಂದು ಬರೆದಿದ್ದರೆ ಅದು ಹಾಗೆಯೇ ಇರಲಿ.

ಉದ್ಘಾಟನೆಗೆ ವೇದಿಕೆ, ಹಾರ, ಉದ್ದುದ್ದ ಭಾಷಣ ಬೇಡ. ಪೋಷಕರ ಸಭೆಯ ದಿನವೇ ಬಾಗಿಲು ತೆರೆಯಿರಿ, ಊರಿನ ಬಸ್ಸಿನ ಹೊತ್ತು ನೋಡಿಕೊಂಡು ಸಮಯ ಇಡಿ. ಮಕ್ಕಳೇ ತಮ್ಮ ತಮ್ಮ ಚಿತ್ರದ ಹತ್ತಿರ ನಿಂತು ಹೇಳಲಿ. ಮಾತಾಡಲು ನಾಚುವ ಮಗುವನ್ನು ಬಲವಂತ ಮಾಡಬೇಡಿ, ಬಂದವರಿಗೆ ಪಾನಕ ಕೊಡುವ ಕೆಲಸ ವಹಿಸಿ. ಅಭಿಪ್ರಾಯದ ಪುಸ್ತಕ ಇಟ್ಟರೆ ‘ತುಂಬಾ ಚೆನ್ನಾಗಿದೆ’ ಎಂದಷ್ಟೇ ತುಂಬುತ್ತದೆ. ಅದರ ಬದಲು ‘ಯಾವ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಂತಿರಿ, ಯಾಕೆ?’ ಎಂದು ಕೇಳಿ ಚೀಟಿ ಬರೆಸಿಕೊಳ್ಳಿ. ಓದು ಬರಹ ಬಾರದವರು ಹೇಳಿದ್ದನ್ನು ದೊಡ್ಡ ಮಕ್ಕಳು ಬರೆದುಕೊಳ್ಳಲಿ. ಮಾರನೇ ದಿನ ಆ ಚೀಟಿಗಳನ್ನು ಆಯಾ ಮಗುವಿನ ಕೈಗೇ ಕೊಡಿ.

ಪ್ರದರ್ಶನ ಮುಗಿದ ಮೇಲೆ ಚಿತ್ರಗಳನ್ನು ಶಾಲೆಯ ಬೀರುವಿನಲ್ಲಿ ಕೂಡಿಹಾಕಬೇಡಿ. ಬರುವ ಮಳೆಗಾಲಕ್ಕೆ ಗೆದ್ದಲಿನ ಪಾಲಾಗುತ್ತವೆ. ಫೋಟೋ ತೆಗೆದಿಟ್ಟುಕೊಂಡು, ಮಡಚದೆ ಸುರುಳಿ ಸುತ್ತಿ ಮನೆಗೆ ಕಳಿಸಿ. ದಬ್ಬೆ, ಸುತಲಿ, ಕ್ಲಿಪ್ಪುಗಳನ್ನು ಗೋಣಿಚೀಲಕ್ಕೆ ತುಂಬಿ ನೆಲ ತಾಗದಂತೆ ಅಟ್ಟದ ಮೇಲಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತವೆ.