ಬಾಟಲಿಯನ್ನು ರೋಗಿಯ ಕೈಗೇ ಕೊಟ್ಟೆ

ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಆಪರೇಷನ್ನಿಗೆ ಬಂದವರಿಗೆ ಹಿಂದಿನ ದಿನವೇ ಡ್ರಾಪ್ಸ್ ಹಾಕಿಕೊಳ್ಳೋದು ಕಲಿಸೋಣ ಅಂದಾಗ ನಮ್ಮ ವಾರ್ಡಿನಲ್ಲಿ ಯಾರೂ ಒಪ್ಪಲಿಲ್ಲ. "ಸಿಸ್ಟರ್, ಕೈ ನಡುಗುವ ಮುದುಕರು, ಅವರಿಂದ ಆಗ್ತದೇನ್ರಿ?" ಅಂದರು. ಈಗ ಹೊಸದಾಗಿ ಸೇರಿದ ನರ್ಸ್ ಹುಡುಗಿಯರನ್ನು ಇದನ್ನು ಕಲಿಯಲು ನನ್ನ ಹತ್ತಿರವೇ ಕಳಿಸುತ್ತಾರೆ.

ಮೊದಲೆಲ್ಲ ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಹೇಳಿ ಕಳಿಸುತ್ತಿದ್ದೆವು. ರೋಗಿಯ ಗಮನವೆಲ್ಲ ಜೇವರ್ಗಿ ಬಸ್ಸಿನ ಮೇಲೆ. ಆಮೇಲೆ ಬಣ್ಣದ ಚೀಟಿ ಅಚ್ಚು ಹಾಕಿಸಿದೆವು, ಎರಡು ಸಾವಿರ ರೂಪಾಯಿ ಹತ್ತಿರ ಹೋಯಿತು. ಅರ್ಧ ಚೀಟಿ ಬಸ್ ಸ್ಟ್ಯಾಂಡ್ ದಾಟಲಿಲ್ಲ. ವಾಯ್ಸ್ ಮೆಸೇಜೂ ಕಳಿಸಿದೆ. ಮೊಬೈಲ್ ಇದ್ದದ್ದು ಮಗನ ಹತ್ತಿರ, ಮಗ ಪುಣೆಯಲ್ಲಿ. ಚೆಕಪ್ಪಿಗೆ ಬಂದಾಗ, ಆಪರೇಷನ್ ಆದ ಮೇಲೆ ಬಾವು ಇಳಿಸಲು ಹಾಕುವ ಸ್ಟಿರಾಯ್ಡ್ ಡ್ರಾಪ್ಸ್ ಬಾಟಲಿಯ ಸೀಲೇ ಕೆಲವರು ಒಡೆದಿರಲಿಲ್ಲ.

ಹಿಂದಿನ ದಿನ ಹೇಗೂ ಆಂಟಿಬಯಾಟಿಕ್ ಡ್ರಾಪ್ಸ್ ಶುರು ಮಾಡುತ್ತೇವಲ್ಲ, ಅದನ್ನೇ ಪಾಠಕ್ಕೆ ಹಿಡಿದೆ. ಹೊಸ ಖರ್ಚು ಒಂದು ಪೈಸೆಯೂ ಇಲ್ಲ. ಕೈ ತೊಳೆಸಿ, ಮಲಗಿಸಿ, "ಮುತ್ಯಾ, ಈಗ ನೀವೇ ಹಾಕ್ರಿ" ಅಂತ ಸುಮ್ನೆ ನಿಲ್ಲುತ್ತೇನೆ. ನಡುಗುವ ಕೈಯನ್ನು ಹಣೆಗೆ ಆನಿಸಬೇಕು. ಅದೂ ಆಗದಿದ್ದರೆ ಕಣ್ಣು ಮುಚ್ಚಿ ಮೂಗಿನ ಕಡೆಯ ಮೂಲೆಗೆ ಒಂದು ಹನಿ ಬಿಟ್ಟು, ಕಣ್ಣು ತೆರೆದರೆ ಒಳಗೆ ಇಳಿಯುತ್ತದೆ. "ಬಿತ್ತೋ ಇಲ್ಲೋ ತಿಳಿವಲ್ದು" ಅನ್ನುವವರಿಗೆ ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಇಟ್ಟು ಕೊಡುತ್ತೇನೆ. ತಣ್ಣಗೆ ಬಿದ್ದದ್ದು ಗೊತ್ತಾಗುತ್ತದೆ. ಆಂಟಿಬಯಾಟಿಕ್, ಸ್ಟಿರಾಯ್ಡ್ ಎರಡು ಬಾಟಲಿ ಅದಲು ಬದಲು ಆಗದ ಹಾಗೆ ನಾನು ಹಾಕುವ ಗುರುತೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ವಾರ್ಡಿಗೆ ಬನ್ನಿ, ತೋರಿಸುತ್ತೇನೆ.

ಹೊತ್ತಿನ ಲೆಕ್ಕ ಬೇರೆಯೇ ತಲೆನೋವು. ನಮ್ಮಲ್ಲಿ ಸ್ಟಿರಾಯ್ಡ್ ಮೊದಲ ವಾರ ದಿನಕ್ಕೆ ಆರು ಸಲ, ಮುಂದೆ ವಾರಕ್ಕೆ ಒಂದೊಂದು ಕಡಿಮೆ. ಗಡಿಯಾರ ನೋಡದವರಿಗೆ ಐದು ಅಜಾನ್ ಹೇಳಿ ನೋಡಿದೆ. ಬೆಳಗಿನದಕ್ಕೂ ಮಧ್ಯಾಹ್ನದ್ದಕ್ಕೂ ನಡುವೆ ಅಂತರ ಜಾಸ್ತಿ, ಅಲ್ಲಿಗೆ ನಾಷ್ಟಾ ಹೊತ್ತು ಸೇರಿಸಿದರೆ ಆರಾಯಿತು. ಕಲಬುರಗಿ ಓಣಿಗಳಲ್ಲಿ ಹಿಂದೂ ಮುಸ್ಲಿಂ ಎಲ್ಲರಿಗೂ ಚೆನ್ನಾಗಿ ಹೊಂದಿತು. ಅಜಾನ್ ಕೇಳಿಸದ ತಾಂಡಾಗಳಲ್ಲಿ ನಡೆಯಲಿಲ್ಲ. ಅವರಿಗೆ ಚಹಾ, ಊಟ, ದನ ಕಟ್ಟುವ ಹೊತ್ತು ಅಂತ ಕೂತು ಹೊಂದಿಸಬೇಕು.

ನೋವಿನ ಮಾತಿಗೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. "ನೋವು ಆಗಲ್ಲ" ಅಂತ ಹೇಳಿ ಕಳಿಸಿದರೆ, ಇಂಜೆಕ್ಷನ್ನಿನ ಮರಗಟ್ಟು ಇಳಿದ ರಾತ್ರಿ ಗಾಬರಿಯಾಗಿ ಕಿರಾಣಿ ಅಂಗಡಿಯ ಗುಳಿಗೆ ನುಂಗುತ್ತಾರೆ. ಬಿಪಿ, ಕಿಡ್ನಿ ತೊಂದರೆ ಇದ್ದವರಿಗೆ ಅದು ಅಪಾಯ. ಕೆಲವು ಮನೆಗಳಲ್ಲಿ ಕಣ್ಣಿಗೆ ಹರಳೆಣ್ಣೆ, ಎದೆಹಾಲು ಬಿಡುವುದೂ ಉಂಟು. ಅದಕ್ಕೇ ಮೊದಲೇ ಹೇಳುತ್ತೇನೆ: "ಆಯಿ, ಇವತ್ತು ರಾತ್ರಿ ಮರಳು ಬಿದ್ದಂಗ ಚುಚ್ತದ, ನೀರು ಸುರಿತದ. ಅಂಜಬ್ಯಾಡ್ರಿ." ಡಾಕ್ಟರು ಬರೆದ ಪ್ಯಾರಾಸಿಟಮಾಲ್ ಒಂದು, ಆರು ತಾಸು ಬಿಟ್ಟು ಬೇಕಾದರೆ ಇನ್ನೊಂದು. ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ, ಕಣ್ಣು ಕೆಂಪಾಗಿ ನೋಟ ಮಬ್ಬಾದರೆ, ಕೀವು ಕಂಡರೆ, ಬೆಳಗಿನ ತನಕ ಕಾಯದೆ ಬರಬೇಕು. ಇದನ್ನು ಜೊತೆಗೆ ಬಂದ ಸೊಸೆಯ ಬಾಯಿಂದ ಹೇಳಿಸದೆ ಬಿಡುವುದಿಲ್ಲ.

ಈಗ ನೂರಕ್ಕೆ ಎಂಬತ್ತು ಜನ ಚೆಕಪ್ಪಿನಲ್ಲಿ ಸರಿಯಾಗಿ ಹಾಕಿ ತೋರಿಸುತ್ತಾರೆ. ಮೊದಲು ಅರ್ಧವೂ ಇರಲಿಲ್ಲ. ಸುಮ್ನೆ ನೋವು ಅಂತ ರಾತ್ರಿ ಬರುವ ಫೋನೂ ಇಳಿದಿದೆ.

ಇನ್ನೂ ಬಗೆಹರಿಯದ್ದು ಧೂಳು. ಚಳಿಗಾಲವೇ ಒಳ್ಳೆಯದು ಅಂತ ಜನ ಡಿಸೆಂಬರಿನಲ್ಲೇ ಆಪರೇಷನ್ನಿಗೆ ಬರುತ್ತಾರೆ. ತೊಗರಿ ರಾಶಿ ಶುರುವಾಗುವುದೂ ಆಗಲೇ. ಕಪ್ಪು ಕನ್ನಡಕ ಕೊಟ್ಟರೂ ಕಣದಲ್ಲಿ ತೆಗೆದಿಡುತ್ತಾರೆ. ಈ ಸಲ ರಾಶಿ ದಿನ ಕೇಳಿಕೊಂಡೇ ಆಪರೇಷನ್ ದಿನ ಕೊಡಿ ಅಂತ ಡಾಕ್ಟರ ಬೆನ್ನು ಹತ್ತಿದ್ದೇನೆ.