ಹಾರುಬೂದಿ ಬೆರೆಸಿ ಗಟ್ಟಿ ಕಾಂಕ್ರೀಟ್ ಬ್ಲಾಕ್ ತಯಾರಿಸುವ ಕ್ರಮ

ರಾಯಚೂರಿನ ಶಕ್ತಿನಗರ, ಬಳ್ಳಾರಿ ಸಮೀಪದ ಕುಡತಿನಿ ಮುಂತಾದ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಬೂದಿಯ ಪೈಕಿ, ಸಿಮೆಂಟಿನ ಜಾಗದಲ್ಲಿ ಬಳಸಬೇಕಾದದ್ದು ಹೊಗೆಯಿಂದ ಬೇರ್ಪಡಿಸಿದ ನುಣುಪಾದ ಒಣ ಹಾರುಬೂದಿಯೇ ಹೊರತು ಕುಲುಮೆಯ ತಳದ ಒರಟು ಬೂದಿಯಲ್ಲ. ಹಾರುಬೂದಿಯ ಗುಣಮಟ್ಟದ ಭಾರತೀಯ ಮಾನಕವಾದ ಐಎಸ್ 3812ಕ್ಕೆ ಹೊಂದುವ ಬೂದಿಯನ್ನೇ ಕೇಳಿ ಪಡೆಯಬೇಕು. ತೀರಾ ಕಪ್ಪಗಿದ್ದರೆ ಅದರಲ್ಲಿ ಉರಿಯದ ಇಂಗಾಲ ಹೆಚ್ಚಿರುವ ಸಂಭವವಿದೆ.

ಸಿಮೆಂಟ್ ಚೀಲದ ಮೇಲಿನ ಬರಹವನ್ನು ಓದದೆ ಬೂದಿ ಬೆರೆಸುವುದು ಸಲ್ಲದು. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿನಲ್ಲಿ ಹಾರುಬೂದಿ ಸಾಮಾನ್ಯವಾಗಿ ಮೊದಲೇ ಸೇರಿರುವುದರಿಂದ ಇಲ್ಲಿ ಒಪಿಸಿಯೇ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್) ಬೇಕು. 50 ಕೆ.ಜಿ. ಸಿಮೆಂಟ್ ಬೇಡುವ ಮಿಶ್ರಣಕ್ಕೆ 40 ಕೆ.ಜಿ. ಸಿಮೆಂಟ್, 10 ಕೆ.ಜಿ. ಬೂದಿ ಎಂಬುದು ಸುರಕ್ಷಿತ ಆರಂಭ. ಇವೆರಡನ್ನೂ ಜಲ್ಲಿಪುಡಿ, ಸಣ್ಣ ಜಲ್ಲಿಗಳೊಡನೆ ಒಣದಾಗಿಯೇ ಬಣ್ಣ ಒಂದೇ ಆಗುವವರೆಗೆ ಕಲಸಿ, ಅನಂತರ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಒಂದು ಹಿಡಿ ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ಒಡೆಯದೆ ನಿಂತು, ಅಂಗೈ ತೇವವಾಗಿ, ಬೆರಳ ಸಂದಿನಿಂದ ನೀರು ಸೋರದಿದ್ದರೆ ಹದ ಸರಿಯಾಗಿದೆ.

ಸಿಮೆಂಟ್ ನೀರಿನೊಡನೆ ಕೂಡಿದಾಗ ಬಿಡುಗಡೆಯಾಗುವ ಸುಣ್ಣದೊಂದಿಗೆ ಬೂದಿಯ ಸಿಲಿಕಾ ನಿಧಾನವಾಗಿ ವರ್ತಿಸಿ ಹೆಚ್ಚುವರಿ ಬಂಧಕವನ್ನು ಉಂಟುಮಾಡುತ್ತದೆ. ಆದ್ದರಿಂದ ಇಂತಹ ಬ್ಲಾಕುಗಳು ಮೊದಲ ವಾರ ಮೆದುವೆನಿಸಿದರೂ ತಿಂಗಳ ನಂತರವೂ ಬಲಗೊಳ್ಳುತ್ತಲೇ ಇರುತ್ತವೆ. ಅದಕ್ಕೆ ತೇವ ಬೇಕು: ಕನಿಷ್ಠ 14 ದಿನ, ಸಾಧ್ಯವಾದರೆ 21 ದಿನ, ಗೋಣಿತಾಟು ಹೊದಿಸಿ ನೀರುಣಿಸಬೇಕು. ಉಳಿತಾಯದ ಆಸೆಗೆ ಬಹಳಷ್ಟು ಕಡೆ ಕತ್ತರಿ ಬೀಳುವುದು ಇದಕ್ಕೇ. ಬಲ ಪರೀಕ್ಷೆಯನ್ನು 28ನೇ ದಿನದ ಜೊತೆಗೆ 56ನೇ ದಿನವೂ ಮಾಡಿಸಿ, ಫಲಿತಾಂಶ ನೋಡಿಕೊಂಡ ಮೇಲಷ್ಟೇ ಬೂದಿಯ ಪಾಲನ್ನು ಏರಿಸಬಹುದು.